ನಂಜಮ್ಮನ ವಯಸ್ಸು, ಯಮುನಾ ಮೇಡಂ ಪಾಠ

ಬೆಳಿಗ್ಗೆ ಆರೂಕಾಲು. ಹಾಸನದ ಬಸ್ ನಿಲ್ದಾಣದಲ್ಲಿ ಅರಕಲಗೂಡಿನ ಬಸ್ಸು ಇನ್ನೂ ಹೊರಟಿಲ್ಲ. ನನ್ನ ಪಕ್ಕದ ಸೀಟಿನಲ್ಲಿ, ಕಿಟಕಿಯ ಬಳಿ ಕೂತ ಯಮುನಾ ಮೇಡಂ ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು, ಮೊದಲ ಪಾಠವನ್ನು ಮತ್ತೊಂದು ಸಲ ತಿದ್ದಿ ಬರೆಯುತ್ತಿದ್ದಾರೆ. ಕಂಡಕ್ಟರ್ ಎರಡು ಸಲ ಕರೆದ ಮೇಲೆ ತಲೆ ಎತ್ತುತ್ತಾರೆ.

ಹರದನಹಳ್ಳಿಯ ಈ ಹೆಣ್ಣುಮಗಳು ಅತಿಥಿ ಉಪನ್ಯಾಸಕಿ. ಇತಿಹಾಸ, ಕನ್ನಡ, ವಾಣಿಜ್ಯ, ಸಸ್ಯಶಾಸ್ತ್ರ ಓದುವ ಮಕ್ಕಳೆಲ್ಲ ಒಟ್ಟಿಗೆ ಕೂತು ಕಲಿಯುವಂಥ ಕಂಪ್ಯೂಟರ್ ಪತ್ರಿಕೆ, ಅಂದರೆ ಪದವಿಯ ಒಂದು ಪೇಪರ್, ರೂಪಿಸುವುದು ಇವರ ಒಂಬತ್ತು ವರ್ಷದ ಹಠ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಅಂತ ವಾರಕ್ಕೆ ನಾಲ್ಕು ಕಾಲೇಜು ಸುತ್ತುತ್ತಾರೆ. ಮುನ್ನೂರ ಹತ್ತು ಮಕ್ಕಳು, ಒಂದೊಂದು ಕಂಪ್ಯೂಟರಿಗೆ ಮೂವರು. ಪಠ್ಯಕ್ರಮದ ಪುಸ್ತಕದಲ್ಲಿ ಇವರ ಹೆಸರು ಹುಡುಕಿದೆ, ಎಲ್ಲೂ ಇಲ್ಲ. ನನಗೆ ಸಿಟ್ಟು ಬಂತು, ಅವರಿಗೆ ನಗು.

ಆದರೆ ಈ ಸೋಮವಾರದ ಮಾತೆತ್ತಿದರೆ ನಗು ಮಾಯ. ಅಂದು ಪಠ್ಯ ಸಮಿತಿ ಕೂರುತ್ತದೆ. ಈ ಪತ್ರಿಕೆ ತೀರಾ ಸುಲಭವಾಯಿತು, ಕಂಪ್ಯೂಟರ್ ವಿಜ್ಞಾನದವರು ಓದುವುದನ್ನೇ ಎಲ್ಲರಿಗೂ ಕೊಟ್ಟುಬಿಡೋಣ ಅನ್ನುವ ಮಾತು ಎದ್ದಿದೆ. ಅತಿಥಿ ಉಪನ್ಯಾಸಕರಿಗೆ ಆ ಸಭೆಗೆ ಕರೆಯಿಲ್ಲ. ಒಳಗೆ ಹೋಗುವುದು ಈ ನೋಟ್‌ಬುಕ್ ಮಾತ್ರ.

ಮೊದಲ ವರ್ಷ ಇವರೂ ಹಾಗೇ ಮಾಡಿದವರೇ. ತಾವು ಓದಿದ್ದನ್ನೆಲ್ಲ ತಂದು ಮಕ್ಕಳ ಮುಂದೆ ಸುರಿದರಂತೆ. ಮಕ್ಕಳು ಬಾಯಿಪಾಠ ಮಾಡಿ ಪಾಸಾದರು, ಆಮೇಲೆ ಕಂಪ್ಯೂಟರಿನ ಹತ್ತಿರ ಸುಳಿಯಲಿಲ್ಲ.

ಇವರ ಕಣ್ಣು ತೆರೆಸಿದ್ದು ಕಟ್ಟಾಯ ಎಂಬ ಊರು. ಇತಿಹಾಸದ ವಿದ್ಯಾರ್ಥಿನಿ ಧನುಶ್ರೀ ಅಲ್ಲಿನ ಒಂದು ಬೀದಿಯ ಮನೆಮನೆ ತಿರುಗಿ ಎಲ್ಲರ ಹೆಸರು, ವಯಸ್ಸು ಬರೆದು ತಂದು ಕಂಪ್ಯೂಟರಿಗೆ ಹಾಕಿದಳು. ವಯಸ್ಸಿನ ಪ್ರಕಾರ ಜೋಡಿಸಲು ಹೋದರೆ, ಈ ಒಂದು ಕಾಲಂ ಮಾತ್ರ ಜೋಡಿಸಿದರೆ ಸಾಕೇ ಎಂದು ಅದು ಕೇಳಿತು. ಓದದೆಯೇ ಹೂಂ ಅಂದುಬಿಟ್ಟಳು. ದೊಡ್ಡವರು ಏನು ಕೇಳಿದರೂ ಹೂಂ ಅಂದು ಬೆಳೆದ ಹುಡುಗಿ ಪಾಪ. ವಯಸ್ಸುಗಳೆಲ್ಲ ಜಾಗ ಬದಲಿಸಿದವು, ಹೆಸರುಗಳು ಇದ್ದಲ್ಲೇ ಉಳಿದವು. ಊರ ಕಟ್ಟೆಯ ಮೇಲೆ ಪಟ್ಟಿ ಓದಿದಾಗ ಎಂಬತ್ತಾರರ ನಂಜಮ್ಮನಿಗೆ ನಾಲ್ಕು ವರ್ಷ! ಜನ ಬಿದ್ದು ಬಿದ್ದು ನಕ್ಕರು. ನಂಜಮ್ಮ ನಗಲಿಲ್ಲ.

"ನಾಕು ವರ್ಸ ಅಂದ್ರೆ ನಾನು ಎತ್ತ ಮಕ್ಳು, ಗೇದ ಗೇಯ್ಮೆ ಎಲ್ಲೋಯ್ತವ್ವ?"

ಧನುಶ್ರೀ ಅಳುತ್ತಾ ಬಂದಳು. ಮೇಡಂ ಬೈಯಲಿಲ್ಲ, ಅದನ್ನೇ ಮೊದಲ ಪಾಠ ಮಾಡಿಕೊಂಡರು. ಈಗ ಪ್ರತಿ ವಿಭಾಗದವರೂ ತಮ್ಮ ತಮ್ಮ ವಿಷಯದ ಪಟ್ಟಿಯನ್ನೇ ತರಬೇಕು. ಇತಿಹಾಸದವರದು ಮೊಸಳೆ ಎಂಬ ಊರಿನ ಜೋಡಿ ಗುಡಿಗಳ ಕೆತ್ತನೆ, ಸಸ್ಯಶಾಸ್ತ್ರದವರದು ಹಿತ್ತಲ ಗಿಡಗಳು. ಜೋಡಿಸಿದ್ದನ್ನು ಊರಿಗೆ ಒಯ್ದು, ಗೊತ್ತಿದ್ದವರ ಮುಂದೆ ಓದಿ ಒಪ್ಪಿಸಬೇಕು. ಅವರು ಸರಿ ಅಂದರೆ ಮಾತ್ರ ಅಂಕ.

ಬಸ್ಸು ಹೊರಡುತ್ತದೆ. ಪತ್ರಿಕೆ ಉಳಿದರೆ ಈ ಸಲವಾದರೂ ನಿಮ್ಮ ಹೆಸರು ಹಾಕಿಸಿ ಅಂದೆ. ನೋಟ್‌ಬುಕ್ ಮುಚ್ಚಿ ಬ್ಯಾಗಿಗೆ ಹಾಕಿಕೊಂಡರು.

"ಹೆಸರು ಯಾರ್ದಾದ್ರೂ ಹಾಕ್ಕಳ್ಲಿ ಸಾ. ಮೊದಲ್ನೇ ಪಾಠ ಒಂದು ಉಳಿಸ್ಲಿ. ನಂಜಮ್ಮನ ವಯಸ್ಸು ನಂಜಮ್ಮನ ಹತ್ರಾನೇ ಇರ್ಬೇಕು."