ಗೌಜಲಹಕ್ಕಿಗೆ ಹೊಲಿದ ಕೌದಿ

ಹಕ್ಕಿಗೂಡಿಗೆ ಕೌದಿ ಹೊಲಿದವಳೆಂದರೆ ನಾನು ಕಂಡಂತೆ ನಮ್ಮ ಅವ್ವ ಒಬ್ಬಳೇ.

ಸಂಡೂರಿನ ಗುಡ್ಡದ ಬುಡದಲ್ಲಿ ನಮ್ಮ ಮನೆ. ಗಣಿಗಳು ಭರಾಟೆಯಲ್ಲಿದ್ದ ವರ್ಷಗಳು ಅವು. ಒಣಹಾಕಿದ ಬಿಳಿ ಬಟ್ಟೆ ಕೆಂಪಾಗದೆ ಒಳಗೆ ಬರುತ್ತಿರಲಿಲ್ಲ. ಅಪ್ಪ ಅಲ್ಲೊಂದು ಗಣಿಯಲ್ಲಿ ಬಂಡೆಗೆ ಮದ್ದು ತುಂಬುವ ತಂಡದಲ್ಲಿದ್ದ. ಅದರ ಅಪಾಯದ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಒಮ್ಮೆ ಹೊಸಪೇಟೆಯಿಂದ ರಟ್ಟಿನ ಡಬ್ಬಿಯಲ್ಲಿ ಗೌಜಲಹಕ್ಕಿಯ ಮೂವತ್ತು ಮರಿ ತಂದು, "ಹೆಣ್ಣು ತತ್ತಿಗೆ, ಗಂಡು ಸಾರಿಗೆ" ಎಂದು ಸಾರಿದ. ಗೂಡನ್ನೂ ತಾನೇ ಕಟ್ಟಿದ. ಆದರೆ ಕಟ್ಟಿದ್ದು ಜವಾರಿ ಕೋಳಿಗೆ ಕಟ್ಟುವ ಹಾಗೆ: ಸೊಂಟದೆತ್ತರ, ಮೇಲೆ ಬಿಗಿಯಾದ ಕಬ್ಬಿಣದ ಜಾಳಿಗೆ.

ದಿನಾ ಮಧ್ಯಾಹ್ನ ಗುಡ್ಡದಲ್ಲಿ ಸೈರನ್ ಕೂಗಿ, ಬ್ಲಾಸ್ಟಿಂಗ್ ಆಗಿ, ಎಲ್ಲರೂ ಕ್ಷೇಮ ಎನ್ನುವುದಕ್ಕೆ ಮತ್ತೊಮ್ಮೆ ಉದ್ದಕ್ಕೆ ಕೂಗುತ್ತಿತ್ತು. ಗೌಜಲಹಕ್ಕಿ ಹೆದರಿದರೆ ಓಡುವುದಿಲ್ಲ, ನೆಟ್ಟಗೆ ಮೇಲಕ್ಕೆ ಹಾರುತ್ತದೆ. ಮರಿಗಳು ಬಲಿತ ಮೇಲೆ ಒಂದು ಮಧ್ಯಾಹ್ನ 'ಢಂ' ಎಂದದ್ದೇ ಅಷ್ಟೂ ಒಟ್ಟಿಗೆ ಹಾರಿ ಜಾಳಿಗೆಗೆ ತಲೆ ಬಡಿದುಕೊಂಡವು. ಮೂರು ಸತ್ತವು.

"ಸಾರಿಗಾತು ಬಿಡು," ಅಂದ ಅಪ್ಪ, ಸಂಜೆ ಬಂದು.

"ಹೆದ್ರಿ ಸತ್ತದ್ದನ್ನ ನನ್ನ ಒಲಿ ಮ್ಯಾಲ ಇಡಂಗಿಲ್ಲ," ಅಂದಳು ಅವ್ವ. "ನೀವು ಅಲ್ಲಿ ಮದ್ದು ಹಾರಸ್ತೀರಿ, ಇಲ್ಲಿ ನನ್ನ ಹಕ್ಕಿ ಸಾಯ್ತಾವ."

ಮರುದಿನವೇ ಹಳೆಯ ಸೀರೆಗಳಿಗೆ ಅಪ್ಪನ ಹರಿದ ಖಾಕಿ ಪ್ಯಾಂಟಿನ ತುಂಡು ಸೇರಿಸಿ ಕೌದಿ ಹೊಲಿದು, ಗೂಡಿನೊಳಗೆ ಗೇಣೆತ್ತರಕ್ಕೆ ಮೆತ್ತನೆಯ ಸೂರಿನಂತೆ ಕಟ್ಟಿದಳು. ಹಾರಿದರೂ ಪೆಟ್ಟಾಗುತ್ತಿರಲಿಲ್ಲ. ಅಷ್ಟಕ್ಕೂ ಸುಮ್ಮನಾಗದೆ, ಸೈರನ್ ಕೂಗಿದೊಡನೆ ಕೈಕೆಲಸ ಬಿಟ್ಟು ಗೂಡಿನ ಮುಂದೆ ಕುಳಿತು, ಒಳಗೆ ಕೈಯಿಟ್ಟು, "ಏನಿಲ್ರವ್ವ, ಏನಿಲ್ಲ, ಈಗ ಮುಗೀತೈತಿ" ಎನ್ನುತ್ತಿದ್ದಳು. ಎರಡನೇ ಸೈರನ್ ಆಗುವ ತನಕ ಏಳುತ್ತಿರಲಿಲ್ಲ.

"ನನ್ನ ಒಂದಿನಾರ ಹಿಂಗ ಮಾತಾಡ್ಸೀಯೇನು?" ಎಂದು ನಾನು ಕಾಡುತ್ತಿದ್ದೆ. ನನ್ನ ನಾಲಿಗೆ ಆಗಲೂ ಉದ್ದ.

ಸಂಜೆ ಹೊತ್ತಿಗೆ ಚುಕ್ಕೆಚುಕ್ಕೆಯ ತತ್ತಿಗಳು ಸಿಗತೊಡಗಿದವು. ನಾಲ್ಕು ಒಡೆದರೆ ಒಂದು ರೊಟ್ಟಿಗೆ ಸಾಕು. ಗಂಡುಗಳು ಭಾನುವಾರಗಳಂದು ಖಾರ-ಕೊಬ್ಬರಿಯ ಸಾರಾದವು. ಅದಕ್ಕೆ ಅವ್ವನ ತಕರಾರಿರಲಿಲ್ಲ, ತಾನೂ ಚಪ್ಪರಿಸಿ ಉಣ್ಣುತ್ತಿದ್ದಳು.

ಒಂದು ದಿನ 'ಢಂ' ಆಯಿತು, ಎರಡನೇ ಸೈರನ್ ಆಗಲೇ ಇಲ್ಲ. ಒಲೆಯ ಮೇಲೆ ಬೇಳೆ ಸೀದುಹೋಯಿತು, ನಾನೇ ಇಳಿಸಿದೆ. ಹಕ್ಕಿಗಳು ಆಗಲೇ ನುಚ್ಚು ಹೆಕ್ಕುತ್ತಿದ್ದವು.

"ಅವ್ವಾ, ಹಕ್ಕಿ ಸುಮ್ನ ಅದಾವ, ಏಳು."

ಏಳಲಿಲ್ಲ. ಬಗ್ಗಿ ನೋಡಿದರೆ, ಕೌದಿಯ ಖಾಕಿ ತುಂಡನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ದಿನಾ ಹೆದರುತ್ತಿದ್ದದ್ದು ಹಕ್ಕಿಗಳಷ್ಟೇ ಅಲ್ಲ ಎಂದು ಆಗ ತಿಳಿಯಿತು. ಕಾಡಿಸಿದ್ದಕ್ಕೆ ನಾಚಿಕೆಯಾಗಿ ನಾನೂ ಪಕ್ಕದಲ್ಲಿ ಕುಳಿತೆ.

ಸಂಜೆ ಅಪ್ಪ ಅಡಿಯಿಂದ ಮುಡಿಯವರೆಗೆ ಕೆಂಪುಧೂಳಾಗಿ ಬಂದ. "ಸೈರನ್ ಕೆಟ್ಟಿತ್ತು," ಅಂದ, ಅಷ್ಟೇ.

ಅವ್ವ ಅವನನ್ನು ಒಮ್ಮೆ ಪೂರ್ತಿ ನೋಡಿದಳು. ಆ ದಿನದ ತತ್ತಿಗಳನ್ನೆಲ್ಲ ಉಡಿಯಲ್ಲಿ ತಂದು ಬೇಯಿಸಿ, ಒಂದೊಂದಾಗಿ ಸುಲಿದು ಅವನ ತಾಟಿಗೆ ಹಾಕತೊಡಗಿದಳು.

"ಸಾಕು, ಹುಡುಗಿಗೂ ಹಾಕು."

"ಇವತ್ತ ಎಲ್ಲಾ ನೀವ ತಿನ್ರಿ."

ಅಪ್ಪ ಅವಳ ಮುಖ ನೋಡಿದ, ತಾಟನ್ನು ಹತ್ತಿರ ಎಳೆದುಕೊಂಡು ಹದಿನೇಳನ್ನೂ ತಿಂದ.