ಹಿಮನಾಡಿನ ತಾಯಿ, ಮೇಲವಂಕಿಯ ಮರಿ

ನಾನು ಹಿಮ ಕಂಡದ್ದು ಗೋಕಾಕದ ಐಸ್‌ಕ್ರೀಮ್ ಅಂಗಡಿಯ ಡಬ್ಬಿಯಲ್ಲಿ ಮಾತ್ರ. ಆದರೂ ಸಂಶೋಧನೆಗೆ ಹಿಡಿದದ್ದು ಉತ್ತರದ ಹಿಮನಾಡಿನ ಎಸ್ಕಿಮೊ ಮತ್ತು ಅಲ್ಯೂಟ್ ಭಾಷೆಗಳನ್ನು. ಎರಡೂ ಒಂದೇ ಹಳೆಯ ಭಾಷೆಯಿಂದ ಕವಲೊಡೆದವು. ಆ ತಾಯಿಯ ಮಾತನ್ನು ಯಾರೂ ಬರೆದಿಟ್ಟಿಲ್ಲ; ಉಳಿದ ಮಕ್ಕಳ ಮಾತು ಹೋಲಿಸಿ ಅವಳದನ್ನು ಕಟ್ಟಿಕೊಳ್ಳಬೇಕು. ಮೇಲವಂಕಿಯ ನಮ್ಮ ಪಡಸಾಲೆ ತುಂಬ ಪದದ ಕಾರ್ಡು ಹರಡಿಕೊಂಡು ಕೂತರೆ ಅವ್ವ ದಿನಾ ಕೇಳುತ್ತಿದ್ದಳು: “ಸಿಕ್ಕಳೇನ ಅವರವ್ವ?”

ಎರಡೂ ಕಡೆಯ ಒಂದೇ ತೆರನಾದ ಪದಗಳನ್ನು ಜೋಡಿ ಮಾಡಿ, ಪಟ್ಟಿ ಕಳಿಸಿ, ಸಿಕ್ಕಳೆಂದೇ ಬೀಗಿದ್ದೆ. ಅಷ್ಟರಲ್ಲಿ ಹುಕ್ಕೇರಿಯಿಂದ ನನ್ನ ಮಾರ್ಗದರ್ಶಕರ ಫೋನು.

“ನಿಮ್ಮ ಪಟ್ಟಿ ಮ್ಯಾಲ ನಂಬಿಕಿ ಬರವಲ್ದರಿ. ಈ ತಿಂಗಳದಾಗ ಸರಿ ಮಾಡ್ರಿ, ಇಲ್ಲಂದ್ರ ವಿಷಯಾನ ಬದಲ್ ಮಾಡೂಣು.”

ನಾಲ್ಕು ವರ್ಷದ ಕೆಲಸ! ಸಿಟ್ಟು ನೆತ್ತಿಗೇರಿತು. ನನ್ನ ಪಟ್ಟಿಯ ಒಂದೊಂದು ಜೋಡಿ ಪದವೂ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗಿತ್ತು. ಇವರಿಗೆ ಇನ್ನೇನು ಬೇಕಿತ್ತು?

ಸಂಜೆ ಕುರಿಗಳು ಮೇದು ಬಂದವು. ಹಗಲೆಲ್ಲ ಬಲೆಯ ಬೇಲಿಯೊಳಗಿದ್ದ ಮರಿಗಳನ್ನು ಅವುಗಳ ತಾಯಿಗೆ ಬಿಡುವುದು ನಮ್ಮಲ್ಲಿ ಹೆಣ್ಣುಮಕ್ಕಳ ಕೆಲಸ. ವರ್ಷಗಟ್ಟಲೆ ಹಾಸ್ಟೆಲ್ಲಿನಲ್ಲಿದ್ದು ರೂಢಿ ತಪ್ಪಿದ್ದ ನಾನು, ಅದೇ ಸಿಟ್ಟಿನಲ್ಲಿ, ಕರಿಮುಖದ ಕುರಿಗೆ ಕರಿಮುಖದ ಮರಿ ಬಿಟ್ಟೆ. ಕುರಿ ಮೂಸಿ ನೋಡಿ ಗುದ್ದಿ ದೂಡಿತು. ಅವ್ವ ಬಿದ್ದು ಬಿದ್ದು ನಕ್ಕಳು.

“ಅದು ಮೂಡಲಗಿ ಸಂತ್ಯಾಗ ತಂದಿದ್ದವಾ. ನಮ್ಮ ಹಿಂಡಿಗೆ ಹೊಂದ್ಲಿ ಅಂತ ಮೊಕಾ ನೋಡೇ ತಂದೇನಿ. ಈ ಕುರಿ ಈದಿದ್ದು ಅಕಾ, ಆ ಬಿಳೀದು.”

ಬಿಳಿ ಮರಿ ಬಾಲ ಅಲ್ಲಾಡಿಸುತ್ತ ಹಾಲಿಗೆ ಬಾಯಿ ಹಾಕಿತು. ನಾನು ಪಡಸಾಲೆಗೆ ಓಡಿದೆ.

ನಾನೂ ಮುಖ ನೋಡಿಯೇ ಜೋಡಿ ಮಾಡಿದ್ದೆ! ಅಕ್ಕಪಕ್ಕ ಬಾಳಿದ ಮಂದಿ ಪದಗಳನ್ನು ಕೊಟ್ಟು ತೆಗೆದುಕೊಂಡಿರುತ್ತಾರೆ. ಅಚ್ಚು ಹೊಯ್ದಂತಿದ್ದ ನನ್ನ ಜೋಡಿಗಳಲ್ಲಿ ಬಹಳಷ್ಟು ಆ ಕರಿಮುಖದ ಮರಿಯ ಹಾಗೆ ಸಂತೆಯಿಂದ ಬಂದವು. ಹೋಲುವುದೇ ಇಲ್ಲವೆಂದು ಮೂಲೆಗೆ ತಳ್ಳಿದ್ದ ಕಾರ್ಡುಗಳನ್ನು ಮತ್ತೆ ತಿರುವಿದೆ. ಒಂದರಲ್ಲಿ ಯಾವ ಧ್ವನಿ ಹೇಗೆ ಬದಲಾಗಿತ್ತೋ ಮುಂದಿನದರಲ್ಲೂ ಹಾಗೆಯೇ, ಅದರ ಮುಂದಿನದರಲ್ಲೂ ಹಾಗೆಯೇ. ಒಡಹುಟ್ಟಿದವು ಇವೇ. ನನ್ನ ಖುಷಿಗೆ ಪಾರವೇ ಇರಲಿಲ್ಲ. ಆ ದಿನ ಎರಡು ರೊಟ್ಟಿ ಹೆಚ್ಚೇ ತಿಂದೆ.

ತಿಂಗಳು ಮುಗಿಯುವುದರೊಳಗೆ ಕಾರ್ಡಿನ ರಾಶಿ ಒಂದು ಹಿಡಿಗೆ ಇಳಿದಿತ್ತು. ಹುಕ್ಕೇರಿಗೆ ಒಯ್ದು ಕೊಟ್ಟೆ. ಸರ್ ಒಂದೊಂದಾಗಿ ನೋಡಿ ಕನ್ನಡಕ ತೆಗೆದರು.

“ಸಣ್ಣ ಪಟ್ಟಿ, ಆದ್ರ ಗಟ್ಟಿ ಐತ್ರಿ. ಇದನ್ನ ಮುಂದುವರಸ್ರಿ.”

ಮನೆಗೆ ಬಂದಾಗ ಅವ್ವ ಮರಿ ಬಿಡುತ್ತಿದ್ದಳು.

“ಅವರವ್ವ ಸಿಕ್ಕಳವಾ!”

“ಹೌದೇನ? ಹೆಂಗದಾಳ ನೋಡಾಕ?”

“ಯಾವ ಮಗಳ ಹಂಗೂ ಇಲ್ಲ.”

ಅವ್ವ ಬಿಳಿ ಮರಿಯನ್ನು ಎತ್ತಿ ನನ್ನ ಕೈಗಿಟ್ಟಳು. “ಹಂಗಾರ ಅಕಿನ ಖರೇ ಅವರವ್ವ ಬಿಡು.”