ಹದಿನೇಳನೆಯ ಸಾಲಿನ ಸೀತನಿ

ಹೊತ್ತು ಮುಳುಗುವ ಮೊದಲೇ ನನ್ನ ಮುಂದೆ ರಾತ್ರಿಯ ಊಟದ ತಾಟು ಬಂದಿತ್ತು. ಬಿಸಿಲು ಇನ್ನೂ ಎದುರು ಗೋಡೆಯ ಮೇಲಿತ್ತು. "ಲಗೂನ ಉಣ್ರಿ ಬಾಯಾರ, ಹೊತ್ತ ಮುಳಗಾಕತ್ತೈತಿ" ಎಂದು ಮನೆಯೊಡತಿ ಪದ್ಮಕ್ಕನವರು ಅವಸರಪಡಿಸಿದರು. ಊರಿಗೆ ಏನೋ ಅಪಾಯ ಬಂದಿರಬೇಕೆಂದು ಭಾವಿಸಿ ಎರಡು ಜೋಳದ ರೊಟ್ಟಿಗಳನ್ನು ನೀರಿನ ಸಹಾಯದಿಂದ ನುಂಗಿದೆ. ಜೈನ ಮನೆತನದವರು ಸೂರ್ಯಾಸ್ತದ ನಂತರ ಉಣ್ಣುವುದಿಲ್ಲವೆಂಬ ಸಂಗತಿ ಮರುದಿನ ತಿಳಿಯಿತು. ಆದರೆ ರಾತ್ರಿ ಒಂಬತ್ತಕ್ಕೆ ಮುದ್ದೆ ಕಂಡು ಬೆಳೆದ ನಾಗಮಂಗಲದ ಹೊಟ್ಟೆಗೆ ಇದನ್ನು ತಿಳಿಸುವವರು ಯಾರು?

ನಮ್ಮ ಸೀಮೆಯ ಓದುಗರಲ್ಲಿ ನಿವೇದಿಸಿಕೊಳ್ಳುವುದೇನೆಂದರೆ, ನಾನು ಹಿಂಗಾರು ಜೋಳದ ತಳಿ ಸಂಶೋಧನೆಯ ಕ್ಷೇತ್ರ ಸಹಾಯಕಿಯಾಗಿ ರಾಯಬಾಗ ತಾಲ್ಲೂಕಿಗೆ ಬಂದು ಎರಡನೆಯ ವರ್ಷ ನಡೆಯುತ್ತಿದೆ. ವರದಿಗಳನ್ನಲ್ಲದೆ ಬೇರೇನನ್ನೂ ಬರೆದವಳಲ್ಲ. ಆದುದರಿಂದ ಇದರಲ್ಲಿ ಕಂಡುಬರುವ ಲೋಪಗಳನ್ನು ಮನ್ನಿಸಬೇಕಾಗಿ ಕೋರುತ್ತೇನೆ.

ಪ್ರಯೋಗದ ತಾಕು ಇರುವುದು ಚಿಂಚಲಿಯ ದಾರಿಯಲ್ಲಿ, ಪದ್ಮಕ್ಕನವರ ಯಜಮಾನರಾದ ನೇಮಣ್ಣನವರ ಕಪ್ಪು ಹೊಲದಲ್ಲಿ. ನನ್ನ ವಸತಿ ಅವರದೇ ಮನೆಯ ಒಂದು ಖೋಲಿಯಲ್ಲಿ. ಕೋಣೆಗೆ ಇಲ್ಲಿನವರು ಖೋಲಿ ಎನ್ನುತ್ತಾರೆ, ನೌಕರಿಗೆ ಬಂದ ಹೆಂಗಸಿಗೆ ಗೌರವದಿಂದ ಬಾಯಾರ ಎನ್ನುತ್ತಾರೆ. ನಮ್ಮಲ್ಲಿ ಹೆಂಚಿನ ಸಂದಿಯಿಂದ ಆಕಾಶ ಇಣುಕಿದರೆ ಇಲ್ಲಿ ತಲೆಯ ಮೇಲೆ ಮಣ್ಣಿನ ಮಾಳಿಗೆ. ನಮ್ಮ ಕೆಂಪು ಮಣ್ಣು ಕಾಲು ತೊಳೆದರೆ ಹೋಗುತ್ತದೆ. ಇಲ್ಲಿನ ಎರೆ ಮಣ್ಣು ಮಳೆ ಬಿದ್ದ ದಿನ ಚಪ್ಪಲಿಯನ್ನೇ ಇಟ್ಟುಕೊಂಡು ಬರಿಗಾಲಲ್ಲಿ ಕಳುಹಿಸುತ್ತದೆ. ಬಂದ ಆರು ತಿಂಗಳು ನನಗೆ ಒಂದು ಕಡೆ ಕುಳಿತುಕೊಳ್ಳಲಾಗಲಿಲ್ಲ. ಕುಳಿತರೆ ಊರಿನ ನೆನಪು, ಎದ್ದರೆ ಹೊಲ. ದಿನಕ್ಕೆ ಮೂರು ಬಾರಿ ಹೋಗಿ ಅದೇ ಗಿಡಗಳ ಎತ್ತರವನ್ನು ಅಳೆದು ಬರುತ್ತಿದ್ದೆ. "ಬಾಯಾರ, ದಿನಾ ಅಳದ್ರ ಅವೂ ನಾಚಕೊಂಡು ಬೆಳ್ಯಾಂಗಿಲ್ರಿ" ಎಂದು ನೇಮಣ್ಣನವರು ನಗುತ್ತಿದ್ದರು.

ಅವಸರಕ್ಕೆ ಕಾರಣವಿತ್ತು. ಮೊದಲ ಹಿಂಗಾರಿನ ಬೀಜವನ್ನು ಕೇಂದ್ರಕ್ಕೆ ಒಪ್ಪಿಸಿದ ಕೂಡಲೇ ನನ್ನನ್ನು ಮಂಡ್ಯದ ಕಡೆಗೆ ವರ್ಗಾಯಿಸುವುದಾಗಿ ಮೇಲಧಿಕಾರಿಗಳು ಭರವಸೆ ನೀಡಿದ್ದರು. ಅದರಲ್ಲಿಯೂ ಹದಿನೇಳನೆಯ ಸಾಲು ಮುಖ್ಯವಾದುದು. ನೀರು ಕಡಿಮೆಯಾಗಿ ಅಕ್ಕಪಕ್ಕದ ಸಾಲುಗಳು ಬಾಗಿದಾಗಲೂ ಅದು ನೆಟ್ಟಗೆ ನಿಂತಿತ್ತು. ಅದರ ಹನ್ನೆರಡು ತೆನೆಗಳಿಗೆ, ಹೂವು ಅರಳುವ ಮುನ್ನ, ಕಾಗದದ ಚೀಲ ತೊಡಿಸಿದೆ. ಬೇರೆ ಗಿಡದ ಪರಾಗ ತಾಗದಿದ್ದರೆ ಮಾತ್ರ ತಳಿ ಶುದ್ಧವಾಗಿ ಉಳಿಯುತ್ತದೆ. ಇಷ್ಟನ್ನು ನೇಮಣ್ಣನವರಿಗೆ ಹೇಳಬೇಕಾಗಿತ್ತು. ಅವರಿಗೆ ತಿಳಿಯಲಾರದೆಂದು ನಾನೇ ತೀರ್ಮಾನಿಸಿ, "ಇವು ಬಹಳ ಮುಖ್ಯವಾದ ತೆನೆಗಳು, ಹಕ್ಕಿ ಕೂಡ ಮುಟ್ಟಬಾರದು" ಎಂದಷ್ಟೇ ಹೇಳಿದೆ.

ಕಾಳು ಹಾಲು ಕಟ್ಟಿ ಇನ್ನೂ ಮೆತ್ತಗಿರುವ ದಿನಗಳಲ್ಲಿ ನಮ್ಮ ತಂದೆಯವರು ನನ್ನನ್ನು ಕಾಣಲು ಬಂದರು. ಬಸ್ಸಿನಿಂದ ಇಳಿಸಿಕೊಂಡು ಹೊಲಕ್ಕೆ ಕರೆತಂದಾಗ ಕುಳ್ಳಿನ, ಅಂದರೆ ನಮ್ಮ ಬೆರಣಿಯ, ಕೆಂಡದಲ್ಲಿ ಎಳೆಯ ತೆನೆಗಳು ಸುಡುತ್ತಿದ್ದವು. ಇದಕ್ಕೆ ಸೀತನಿ ಎನ್ನುತ್ತಾರೆ. ಸುಟ್ಟ ತೆನೆಯನ್ನು ಬಡಿದು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬೆಲ್ಲ ಮತ್ತು ಶೇಂಗಾ ಚಟ್ನಿಯೊಡನೆ ಬಿಸಿಯಾಗಿ ಕೊಡುವುದು. ಮನೆಗೆ ಬಂದವರಿಗೆ ಹೊಲದ ಅತ್ಯುತ್ತಮ ತೆನೆಯನ್ನೇ ಸುಡುವುದು ಇಲ್ಲಿನ ರೂಢಿ. ತಂದೆಯವರು ಮೂರು ಬಾರಿ ಅಂಗೈ ಚಾಚಿದರು. ನಾನೂ ಚಾಚಿದೆ. ಅಷ್ಟು ಸಿಹಿಯಾದ ಕಾಳನ್ನು ಅದುವರೆಗೆ ತಿಂದಿರಲಿಲ್ಲ.

ಕೈ ತೊಳೆಯಲು ಎದ್ದಾಗ ಕಲ್ಲಿನ ಕೆಳಗೆ ಒಪ್ಪವಾಗಿ ಮಡಚಿಟ್ಟ ಹನ್ನೆರಡು ಕಾಗದದ ಚೀಲಗಳು ಕಂಡವು. ಪ್ರತಿಯೊಂದರ ಮೇಲೂ ನನ್ನದೇ ಅಕ್ಷರ: ೧೭.

"ಒಂದೂ ಹರದಿಲ್ರಿ, ಮತ್ತ ಉಪಯೋಗಕ್ಕ ಬರ್ತಾವ" ಎಂದರು ನೇಮಣ್ಣನವರು. ನನ್ನ ಮುಖ ನೋಡಿ ಗಾಬರಿಯಾದರು. "ಯಾಕ್ರಿ? ಹಕ್ಕಿ ಮುಟ್ಟಲಾರದ ತೆನಿ ನಿಮ್ಮಪ್ಪಾರಿಗಲ್ಲದ ಮತ್ಯಾರಿಗ್ರಿ?"

ಅವು ಕೇಂದ್ರಕ್ಕೆ ಒಪ್ಪಿಸಬೇಕಾದ ಬೀಜವೆಂದೂ ಅದರ ಮೇಲೆ ನನ್ನ ವರ್ಗಾವಣೆ ನಿಂತಿದೆಯೆಂದೂ ಕೊನೆಗೂ ಹೇಳಿದೆ. ಅವರು ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದರು. "ಬಾಜೂ ಸಾಲಿನ್ಯಾವು ನೋಡಾಕ ಹಂಗ ಅದಾವ. ಅವಕ್ಕ ಚೀಲ ಹಾಕಿ ಕಳಸ್ರಿ. ಯಾರಿಗೆ ತಿಳೀತೈತಿ?"

"ಊಂ ಕಣವ್ವ, ಅಂಗೇ ಮಾಡ್ಬುಡು" ಎಂದರು ತಂದೆಯವರು. "ಬೀಜ ಒಪ್ಸ್ಬುಟ್ಟು ಊರ್ಗೆ ಬಂದ್ಬುಡು. ನಿಮ್ಮವ್ವ ದಾರಿ ನೋಡ್ತಾವ್ಳೆ."

ನನ್ನ ಮನಸ್ಸಿನಲ್ಲಿಯೂ ಅದೇ ಇತ್ತೆಂಬುದನ್ನು ಮುಚ್ಚಿಡುವುದಿಲ್ಲ. ಆ ಚೀಲಗಳನ್ನು ಕೈಗೆ ತೆಗೆದುಕೊಂಡು ಪಕ್ಕದ ಸಾಲಿನವರೆಗೆ ನಡೆದೆ ಕೂಡ. ಅಲ್ಲಿ ನಿಂತು, "ಈ ತೆನೆಗಳ ಮೇಲೆ ಯಾವ ಗಿಡದ ಪರಾಗ ಬಿದ್ದಿದೆಯೋ ನನಗೇ ಗೊತ್ತಿಲ್ಲ, ನೇಮಣ್ಣ" ಎಂದೆ.

ಅವರು ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡರು. "ಅಂದ್ರ, ಖಿಲಾರಿ ಆಕಳಕ್ಕ ಖಿಲಾರಿ ಹೋರಿನ ಬೇಕು, ಹಾದಿ ಮ್ಯಾಲಿಂದು ಬ್ಯಾಡ ಅಂದಂಗ?"

"ಹೌದು, ಅದೇ."

"ಇಷ್ಟ ಮಾತು ಮೊದಲ ಹೇಳೂದಲ್ಲೇನ ತಂಗಿ! ಹಂಗಿದ್ರ ಬ್ಯಾಡ. ಸುಳ್ಳ ಜಾತಿ ಹೇಳಿ ಹೋರಿ ಮಾರಿದಂಗ ಆಕ್ಕೈತಿ."

ಬಾಯಾರ ಹೋಗಿ ತಂಗಿಯಾದದ್ದನ್ನು ಆ ಗಳಿಗೆಯಲ್ಲಿ ನಾನು ಗಮನಿಸಲಿಲ್ಲ.

ತಂದೆಯವರು ಮರುದಿನ ಒಬ್ಬರೇ ಬಸ್ಸು ಹತ್ತಿದರು. "ನಿಮ್ಮವ್ವಂಗೆ ಏನಂತ ಯೋಳ್ಲಿ?" ಎಂದು ಕೇಳಿದಾಗ ಪದ್ಮಕ್ಕನವರು ಕಟ್ಟಿಕೊಟ್ಟಿದ್ದ ರೊಟ್ಟಿಯ ಗಂಟನ್ನು ಕಿಟಕಿಯಿಂದ ಕೊಟ್ಟೆ. ವರದಿಯ ನಮೂನೆಯಲ್ಲಿ ನಷ್ಟದ ಕಾರಣವೆಂದು ಹಕ್ಕಿ, ಕೀಟ, ರೋಗ, ಕಳವು ಎಂಬ ನಾಲ್ಕು ಪದಗಳು ಅಚ್ಚಾಗಿದ್ದವು. ನಾಲ್ಕನ್ನೂ ಹೊಡೆದುಹಾಕಿ, "ಸಹಾಯಕಿಯ ವಿವರಣೆಯ ಕೊರತೆ" ಎಂದು ಬರೆದೆ. ಮೂರು ವಾರಗಳಲ್ಲಿ ಉತ್ತರ ಬಂದಿತು. ಕೇಂದ್ರದಲ್ಲಿ ಉಳಿದಿದ್ದ ಒಂದು ಹಿಡಿ ಮೂಲ ಬೀಜವನ್ನು ಮುಂದಿನ ಹಿಂಗಾರಿಗೆ ಅದೇ ಹೊಲದಲ್ಲಿ ಬಿತ್ತತಕ್ಕದ್ದು. ವರ್ಗಾವಣೆಯ ಕೋರಿಕೆಯನ್ನು ಸದ್ಯಕ್ಕೆ ಪರಿಗಣಿಸಲಾಗುವುದಿಲ್ಲ.

ಈ ವರ್ಷ ಬಿತ್ತನೆ ಮುಗಿಸಿ ದೀಪಾವಳಿಗೆ ಊರಿಗೆ ಹೋಗಿದ್ದೆ. ಐದೂವರೆಗೆಲ್ಲ ಹಸಿವಾಯಿತು. "ಲಗೂನ ಬಡಿಸವ್ವ" ಎಂದುಬಿಟ್ಟೆ. ತಾಯಿಯವರು ಒಲೆಯ ಮುಂದಿನಿಂದ ತಿರುಗಿ, "ಅದ್ಯಾವ ಮಾತವ್ವ? ಇಷ್ಟೊತ್ಗೆ ಉಣ್ಣೋಕೆ ಮೈಗೆ ಉಸಾರಿಲ್ವಾ?" ಎಂದು ಹಣೆ ಮುಟ್ಟಿ ನೋಡಿದರು. ಆಮೇಲೆ ನೆಂಟರಿಗೆಂದು ಎತ್ತಿಟ್ಟಿದ್ದ ತಟ್ಟೆಯನ್ನು ತೊಳೆದು ತಂದರು. ಇಲ್ಲಿಗೆ ಮರಳಿದ ಮೇಲೆ, ಹೊತ್ತು ಮುಳುಗುವ ಮೊದಲೇ ಪದ್ಮಕ್ಕನವರ ತಾಟಿನ ಮುಂದೆ ಕುಳಿತರೆ, ನಾಲಿಗೆ ಮುದ್ದೆಯನ್ನು ಕೇಳುತ್ತದೆ.

ಹದಿನೇಳನೆಯ ಸಾಲಿಗೆ ಈಗ ಮತ್ತೆ ಚೀಲಗಳಿವೆ. ಹೊಲದ ಅಂಚಿಗೆ ನೇಮಣ್ಣನವರು ಬೇರೆಯೇ ಒಂದು ಸಾಲನ್ನು ಸೀತನಿಗೆಂದು ಬಿತ್ತಿದ್ದಾರೆ. ಅದರ ಹೆಸರು "ನಿಮ್ಮಪ್ಪಾರ ಸಾಲು". ಬೀಜ ಒಪ್ಪಿಸಿದ ದಿನ ಕಳುಹಿಸಲೆಂದು ವರ್ಗಾವಣೆಯ ಅರ್ಜಿಯನ್ನು ಬರೆದು ಟ್ರಂಕಿನಲ್ಲಿಟ್ಟಿದ್ದೇನೆ. ವಿಷಯ, ಉಲ್ಲೇಖ, ಸಹಿ ಎಲ್ಲವೂ ಇವೆ. ದಿನಾಂಕದ ಜಾಗ ಮಾತ್ರ ಖಾಲಿ ಇದೆ.

ಮೊನ್ನೆ ನಾನು ಚೀಲಗಳನ್ನು ಎಣಿಸುತ್ತಿದ್ದಾಗ ನೇಮಣ್ಣನವರು ಕೇಳಿದರು: "ತಂಗಿ, ಸೀತನಿಗೆ ನಿಮ್ಮಪ್ಪಾರ್ನ ಇಲ್ಲಿಗೆ ಕರಸ್ತೀಯೋ, ನೀನ ಊರಿಗೆ ಹೊಂಟೀಯೋ?"

ಎಂಟಕ್ಕೆ ಬಂದಿದ್ದೆನೋ ಒಂಬತ್ತಕ್ಕೋ, ಎಣಿಕೆ ತಪ್ಪಿಹೋಯಿತು. ಮತ್ತೆ ಮೊದಲ ತೆನೆಯಿಂದ ಎಣಿಸಿದೆ.